ಕಾಟಾ ಕಿಟಕಿಯ ಬದಾಮ್ ಏಳು

ಒಬ್ಬರೇ ಆಡುವ ಇಸ್ಪೀಟ್ ಅಂತ ಒಂದು ಇದೆ ಎಂದು ನನಗೆ ತಿಳಿದದ್ದೇ ಕಂಪ್ಯೂಟರ್ ಬಂದ ಮೇಲೆ. ನಮ್ಮ ಕಡೆ ಒಬ್ಬನೇ ಕೂತು ಚಹಾ ಕುಡಿದರೂ "ಯಾಕ, ಮನ್ಯಾಗ ಜಗಳಾಗ್ಯದೇನು?" ಎಂದು ಕೇಳುತ್ತಾರೆ. ಅಂಥದ್ದರಲ್ಲಿ ಒಬ್ಬನೇ ಇಸ್ಪೀಟ್ ಆಡುವುದೆಂದರೆ! ಆದರೂ ಆಡಿದೆ. ಈಗ ಆ ಹಳೇ ಆಟ ನೆನಪಾದರೆ ಎದೆಯೊಳಗೆ ಏನೋ ಖಾಲಿ ಖಾಲಿ. ಟೈಪ್ ಮಾಡುವುದರಲ್ಲಿ ನಾನು ಬಹಳ ನಿಧಾನ, ಒಂದು ಅಕ್ಷರ ಹುಡುಕುವಷ್ಟರಲ್ಲಿ ಹೇಳಬೇಕಾದ ಮಾತೇ ಮರೆತುಹೋಗುತ್ತದೆ. ಇದು ಮರೆಯುವ ಮಾತಲ್ಲ, ಅದಕ್ಕೇ ಧೈರ್ಯ ಮಾಡಿ ಕೂತಿದ್ದೇನೆ.

ಮೀಸೆ ಬಲಿತು ಎಷ್ಟೋ ದಿನವಾದ ಮೇಲೆ ಎಸೆಸೆಲ್ಸಿ ಪಾಸಾದವನು ನಾನು. ಅಲ್ಲಿಯತನಕ ಜೇವರ್ಗಿಯಲ್ಲಿ ಲಾರಿಗೆ ತೊಗರಿ ಚೀಲ ಹೇರುತ್ತಿದ್ದೆ. ಪಾಸಾದ ಸುದ್ದಿ ಕೇಳಿದ ಸಾಹುಕಾರರು ಲಾರಿ ತೂಗುವ ಕಾಟಾದ ಕೋಣೆಗೆ ಕರೆದು ಕಂಪ್ಯೂಟರ್ ಮುಂದೆ ಕೂಡಿಸಿದರು. ಚೀಲ ಎತ್ತಿದ ಕೈಗೆ ಮೌಸ್ ಹಗುರಾಯಿತು. ನಾನು ಇತ್ತ ಎಳೆದರೆ ಬಾಣ ಅತ್ತ ಓಡುತ್ತಿತ್ತು. ಕಂಪ್ಯೂಟರ್ ಜೋಡಿಸಲು ಬಂದವನು ಇಸ್ಪೀಟಿನ ಆಟ ತೆಗೆದು, "ಇದನ್ನ ಆಡ್ರಿ, ಕೈ ತಾನ ಹದಕ್ಕ ಬರ್ತದ" ಎಂದು ಹೇಳಿ ಹೋದ. ಕಪ್ಪು ಎಲೆಯ ಮೇಲೆ ಕೆಂಪು, ಕೆಂಪಿನ ಮೇಲೆ ಕಪ್ಪು, ಬಾದಶಾನಿಂದ ಒಂದೊಂದೇ ಇಳಿಯುತ್ತ ಬರಬೇಕು. ಇಷ್ಟೇ ಆಟ. ರಾತ್ರಿ ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಯಾರ ಕೂಡ ಆಡ್ತೀರಿ?"

"ಒಬ್ಬನ."

"ಒಬ್ಬರ ಆಡಿದ್ರ ಸೋಲೋರು ಯಾರು?"

"ನಾನ."

"ಮತ್ತ ಗೆಲ್ಲೋರು?"

"ಅದಿನ್ನಾ ಗೊತ್ತಾಗಿಲ್ಲ."

ಅವಳು ಮತ್ತೆ ರೊಟ್ಟಿ ಬಡಿಯತೊಡಗಿದಳು, ಸ್ವಲ್ಪ ಜೋರಾಗಿಯೇ.

ಒಬ್ಬನೇ ಎಂದ ನನ್ನ ಮಾತು ಬಹಳ ದಿನ ಉಳಿಯಲಿಲ್ಲ. ಕಾಟಾ ಕೋಣೆಯ ಕಿಟಕಿಯಿಂದ ಸ್ಕ್ರೀನು ಚೆನ್ನಾಗಿ ಕಾಣುತ್ತಿತ್ತು. ತೂಕದ ಚೀಟಿಗೆ ಬಂದ ಡ್ರೈವರುಗಳು ಸರಳು ಹಿಡಿದು ಅಲ್ಲೇ ನಿಂತುಬಿಡುತ್ತಿದ್ದರು. ಎಲ್ಲರಿಗಿಂತ ಮುಂದೆ ಗೊಬ್ಬೂರಿನ ರಾಜಾಸಾಬ್ ಕಾಕಾ. ತಡವಾಗಿ ಪಾಸಾದ ನನಗೆ 'ಮಾಸ್ತರ' ಎಂದು ಹೆಸರಿಟ್ಟವರೂ ಅವರೇ.

"ಏ ಮಾಸ್ತರಾ, ಎಲ್ಲಿ ನೋಡಾಕತ್ತೀ? ಕರೀ ಕಿಲಾವರ್ ಎಂಟು ಬಾಯಿ ತಕ್ಕೊಂಡು ಕುಂತದ, ಕೆಂಪು ಬದಾಮ್ ಏಳು ಒಯ್ದು ಹಾಕಲೇ!"

ಹಿಂದಿನಿಂದ ನೆಲೋಗಿಯ ಹಮಾಲ ಶರಣಪ್ಪ, "ಬ್ಯಾಡ್ರಿ ಬ್ಯಾಡ್ರಿ! ಮೊದಲ ಆ ಮುಚ್ಚಿದ ಎಲಿ ತೆಗೀರಿ. ಕಾಕಾಗ ಗಾಡಿ ಹೊಡಿಯೋದು ಬಿಟ್ರ ಏನೂ ತಿಳಿಯಂಗಿಲ್ಲ" ಎನ್ನುತ್ತಿದ್ದ. ಅವರಿಬ್ಬರ ಜಗಳ ಮುಗಿಯುವತನಕ ಹಿಂದಿನ ಲಾರಿಗಳು ಹಾರ್ನ್ ಬಾರಿಸಬೇಕು. ಮೊದಲಿಗೇ ಎಕ್ಕಾ ಬಂದರೆ ಆ ದಿನ ಗಾಡಿ ಪಂಚರ್ ಆಗುವುದಿಲ್ಲ ಎಂಬ ಶಾಸ್ತ್ರವೊಂದು ಹುಟ್ಟಿತು. ಎಕ್ಕಾ ಕಾಣದೆ ಕೆಲವರು ಗಾಡಿ ತೆಗೆಯುತ್ತಲೇ ಇರಲಿಲ್ಲ. "ನನ್ನ ಆಟ ನನಗ ಆಡಾಕ ಬಿಡ್ರಪ್ಪಾ!" ಎಂದು ನಾನು ದಿನವೂ ಗೊಣಗುತ್ತಿದ್ದೆ.

ಮೊದಲ ಸಲ ಗೆದ್ದ ದಿನವಂತೂ ಎಲೆಗಳೆಲ್ಲ ಒಂದರ ಹಿಂದೊಂದು ಪುಟಿಯುತ್ತ ಕೆಳಗೆ ಬೀಳತೊಡಗಿದವು. "ಮಾಸ್ತರಾ, ಎಲಿ ಸೋರಾಕತ್ತಾವ! ಬಂದ್ ಮಾಡು, ಕೆಟ್ಟು ಹೋಗ್ತದ!" ಎಂದು ಕಾಕಾ ಕೂಗಿದರು. ನಾನು ಗಾಬರಿಯಾಗಿ ಸ್ವಿಚ್ ಆರಿಸಿಬಿಟ್ಟೆ. ಅದು ಗೆದ್ದದ್ದಕ್ಕೆ ಆಗುವ ಮೆರವಣಿಗೆ ಎಂದು ಯಾರಿಗೆ ಗೊತ್ತಿತ್ತು?

ಈಗ ಹೊಸ ಕಂಪ್ಯೂಟರ್ ಬಂದಿದೆ. ತೂಕ ತಾನೇ ಬರೆದುಕೊಳ್ಳುತ್ತದೆ, ಚೀಟಿ ನೇರ ಡ್ರೈವರನ ಮೊಬೈಲಿಗೆ ಹೋಗುತ್ತದೆ. ಯಾರೂ ಗಾಡಿಯಿಂದ ಇಳಿಯುವುದಿಲ್ಲ. ನನ್ನ ಮೊಬೈಲಿನಲ್ಲೂ ಆ ಆಟ ಇದೆ. ತಡೆಯುವವರಿಲ್ಲ, ಹಾಗಾಗಿ ಗೆಲ್ಲುತ್ತಲೂ ಇರುತ್ತೇನೆ. ಗೆದ್ದರೆ ಮೊಬೈಲು ಪಟಾಕಿ ಹಾರಿಸಿ, ಆಮೇಲೆ ಸಾಬೂನಿನ ಜಾಹೀರಾತು ತೋರಿಸುತ್ತದೆ. ಬೈಯುವವರಿಲ್ಲದ ಗೆಲುವು ಉಪ್ಪಿಲ್ಲದ ಬ್ಯಾಳಿಯಂತೆ, ಗಂಟಲಲ್ಲಿ ಇಳಿಯುವುದಿಲ್ಲ.

ಬೇರೆ ಕಡೆ ಹತ್ತಿ ಲೋಡಿಗೆ ಹೋಗಿಬಿಟ್ಟಿದ್ದ ರಾಜಾಸಾಬ್ ಕಾಕಾ ಈ ಸಲ ತೊಗರಿ ಸುಗ್ಗಿಗೆ ಮರಳುತ್ತಾರೆಂದು ಶರಣಪ್ಪ ಹೇಳಿದ. ನಾನು ಹೊಸ ಕಂಪ್ಯೂಟರಿಗೆ ಆ ಆಟ ಹಾಕಿಸಿದೆ. ಅವರು ಬರುವ ದಿನ ಸ್ಕ್ರೀನನ್ನು ಕಿಟಕಿಯ ಕಡೆ ತಿರುಗಿಸಿದೆ. ಕಿಲಾವರ್ ಎಂಟು ಬಂದಿತ್ತು, ಬದಾಮ್ ಏಳೂ ಬಂದಿತ್ತು. ಮುಟ್ಟಲಿಲ್ಲ, ಹಾಗೇ ಬಿಟ್ಟೆ. ಲಾರಿಗಳು ಬಂದವು, ತೂಗಿಸಿಕೊಂಡು ಹೋದವು. ಸಂಜೆ ಹೊತ್ತಿಗೆ ಕಾಕಾನ ಲಾರಿ ಬಂತು. ತೂಕವಾಯಿತು, ಚೀಟಿ ಅವರ ಮೊಬೈಲಿಗೆ ಹೋಯಿತು. ಎಂಜಿನ್ ಗುರುಗುಡುತ್ತಲೇ ಇತ್ತು. ಇವರೂ ಹೊರಟರು ಎಂದುಕೊಂಡೆ.

ಎಂಜಿನ್ ಬಂದ್ ಆಯಿತು. ಕಾಕಾ ಇಳಿದು ಬಂದು ಮೊಬೈಲನ್ನು ಸರಳಿನೊಳಗೆ ತೂರಿಸಿದರು. "ಚಷ್ಮಾ ಮರೆತು ಬಂದೀನೋ. ತೂಕ ಎಷ್ಟದ, ಓದಿ ಹೇಳು."

ಓದಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ನನ್ನ ಹೆಗಲಾಚೆ ನೋಡತೊಡಗಿದ್ದರು. ಕೈಯಲ್ಲಿದ್ದ ಮೊಬೈಲು ಕಾಣದ ಕಣ್ಣಿಗೆ ದೂರದ ಎಲೆ ಕಂಡಿತ್ತು.

"ಥೂ ನಿನ್ನ! ಇಷ್ಟು ದಿನ ಕುಂತು ಏನು ಕಲ್ತಿ ಮಾಸ್ತರಾ? ಏಳು ಅಲ್ಲೇ ಬಿದ್ದದಲ್ಲೋ!"

"ನನ್ನ ಆಟ ನನಗ ಆಡಾಕ ಬಿಡ್ರಿ ಕಾಕಾ" ಎಂದು ಗೊಣಗುತ್ತ ಬದಾಮ್ ಏಳನ್ನು ಎಂಟರ ಮೇಲೆ ಇಟ್ಟೆ. ಮುಂದಿನ ಎಲೆಯೂ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಆದರೂ ಮೌಸಿನಿಂದ ಕೈ ತೆಗೆದು, ಏನೂ ತಿಳಿಯದವನಂತೆ ತಲೆ ಕೆರೆದುಕೊಳ್ಳುತ್ತ ಕೂತೆ.