ಪಾರ್ಟಿ ಯಾರು ಸಾರ್?

ನನಗೆ ಒಬ್ಬರೂ ವಕೀಲರು ಗೊತ್ತಿಲ್ಲ ಎಂದು ಹೇಳಿಕೊಳ್ಳುವುದರಲ್ಲಿ ಬಹಳ ಕಾಲ ನನಗೊಂದು ಬಗೆಯ ಹೆಮ್ಮೆಯಿತ್ತು. ಮರ್ಯಾದಸ್ಥರ ಫೋನಿನಲ್ಲಿ ಡಾಕ್ಟರ ನಂಬರ್ ಇರುತ್ತದೆ, ಪ್ಲಂಬರನದ್ದು ಇರುತ್ತದೆ, ಪುರೋಹಿತರದ್ದು, ಗ್ಯಾಸ್ ಸಿಲಿಂಡರಿನವನದ್ದು ಇರುತ್ತದೆ. ವಕೀಲರ ನಂಬರ್ ಇದೆ ಎಂದರೆ ಆ ಮನೆಯಲ್ಲಿ ಏನೋ ನಡೆದಿದೆ ಎಂದೇ ಅರ್ಥ ಎಂಬುದು ನನ್ನ ಸಿದ್ಧಾಂತ. ಸಿದ್ಧಾಂತ ಚೆನ್ನಾಗಿಯೇ ಇತ್ತು. ತೊಂದರೆ ಏನೆಂದರೆ, ನಮ್ಮ ಮನೆಯಲ್ಲೂ ಏನೋ ನಡೆಯಿತು. ಆಗ ನನ್ನ ಫೋನನ್ನೂ, ಸಾಲದ್ದಕ್ಕೆ ಹೆಂಡತಿ ಗಿರಿಜಾಳ ಫೋನನ್ನೂ ಜಾಲಾಡಿದರೆ ಸಿಕ್ಕಿದ್ದು ‘ಲಾಯರ್ ಬ್ಲೌಸ್’ ಎಂಬ ಒಂದೇ ಒಂದು ಹೆಸರು. ಯಾರೋ ವಕೀಲರ ಮನೆಯವರು ಇವಳ ಹತ್ತಿರ ರವಿಕೆ ಹೊಲಿಸಿಕೊಂಡಿದ್ದರಂತೆ. ಆಸೆಯಿಂದ ಫೋನ್ ಮಾಡಿದೆ. ಆಕೆ, “ತೋಳು ಇನ್ನೂ ಸ್ವಲ್ಪ ಲೂಸ್ ಮಾಡ್ಬೇಕು ಅಂತ ಹೇಳ್ಬಿಡಿ” ಎಂದು ಇಟ್ಟುಬಿಟ್ಟರು.

ನಡೆದದ್ದು ಇಷ್ಟು. ಅಲ್ಲಾಳಸಂದ್ರದ ಹಳೆಯ ಊರಿನೊಳಗೆ ನಾವಿರುವ ಮನೆ ಗಿರಿಜಾಗೆ ಅವಳ ತಾಯಿಯಿಂದ ಬಂದದ್ದು. ಅದರ ಹಿಂದೊಂದು ಕೋಣೆಯಿದೆ. ಅಲ್ಲಿ ಅವಳು ಊರಿನ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತಾಳೆ. ಆ ಕೋಣೆಯ ಹೊರಬಾಗಿಲು ತೆರೆಯುವುದು ನಮ್ಮ ಮನೆಗೂ ಪಕ್ಕದ ಮುನಿರಾಜು ಅವರ ಮನೆಗೂ ನಡುವೆ ಇರುವ ಸಂದಿಗೆ. ಜಾಗ ಮುನಿರಾಜು ಅವರದ್ದು, ಆದರೆ ಗಿರಿಜಾಳ ತಾಯಿಯ ಕಾಲದಿಂದಲೂ ಓಡಾಡುವವರು ಓಡಾಡುತ್ತಲೇ ಇದ್ದಾರೆ. ಮುನಿರಾಜು ಅವರದು ಊರಿನ ಹಳೆಯ ಕುಟುಂಬ. ಅವರ ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಇವರು ಬಾಡಿಗೆ ಮನೆಗಳನ್ನು ಬೆಳೆಯುತ್ತಾರೆ. ಒಳ್ಳೆಯವರೇ. ಹಾಗಿರುವಾಗ ಒಂದು ಬೆಳಿಗ್ಗೆ ನೋಡಿದರೆ ಸಂದಿಯ ಬಾಯಿಗೆ ಪಾಯ ತೋಡಿ, ಮೊಣಕಾಲೆತ್ತರ ಗೋಡೆ ಎಬ್ಬಿಸಿಬಿಟ್ಟಿದ್ದಾರೆ! ಬ್ಲೌಸ್ ಪೀಸ್ ಹಿಡಿದು ಬಂದ ಹೆಂಗಸರು ಸೀರೆ ಎತ್ತಿಕೊಂಡು ಗೋಡೆ ದಾಟುತ್ತಿದ್ದರು. ಗಾರೆಯವನು ಊರಿಗೆ ಹೋಗಿದ್ದರಿಂದ ಕೆಲಸ ಸದ್ಯಕ್ಕೆ ನಿಂತಿತ್ತು, ಇನ್ನೆರಡು ವರಸೆ ಇಟ್ಟಿಗೆ ಏರಿದರೆ ಅದೂ ಸಾಧ್ಯವಿರಲಿಲ್ಲ.

“ನಮ್ಮ ಹಾಲ್‌ನಿಂದ ಬರ್ಲಿ ಬಿಡು” ಎಂದು ನಾನು ಉದಾರವಾಗಿ ಹೇಳಿದೆ.

“ನೀವು ಬನಿಯನ್‌ನಲ್ಲಿ ಕಾಲು ಚಾಚ್ಕೊಂಡು ಟೀವಿ ನೋಡ್ತಿರ್ತೀರ. ನಿಮ್ಮನ್ನ ದಾಟ್ಕೊಂಡು ಬಂದು ಯಾವ ಹೆಂಗಸು ಅಳತೆ ಕೊಡ್ತಾಳೆ ಕಣ್ರೀ?” ಎಂದಳು. ಆಮೇಲೆ ದನಿ ಇಳಿಸಿ, “ಈ ಕೋಣೆ ಮುಚ್ಚಿದ್ರೆ ನಾನು ದಿನವೆಲ್ಲ ಏನ್ ಮಾಡ್ಲಿ ಹೇಳಿ” ಎಂದಳು. ನನಗೆ ಸಂಕಟವಾಯಿತು. ಆ ಕೋಣೆಯಲ್ಲಿ ಅವಳು ನಗುವಷ್ಟು ಜೋರಾಗಿ ಮನೆಯ ಉಳಿದ ಭಾಗದಲ್ಲಿ ನಕ್ಕದ್ದನ್ನು ನಾನು ಕೇಳಿಲ್ಲ. ಅದನ್ನು ಉಳಿಸಿಕೊಡಲೇಬೇಕು ಎಂದು ಅಲ್ಲೇ ತೀರ್ಮಾನಿಸಿದೆ. ಅವಳು, “ನಾನೇ ಹೋಗಿ ಮುನಿರಾಜಣ್ಣನ್ನ ಒಂದು ಮಾತು ಕೇಳ್ಲಾ?” ಎಂದಳು. ನಾನು ಬಿಲ್‌ಕುಲ್ ಬೇಡವೆಂದೆ. ಇದು ಕಾನೂನಿನ ವಿಷಯ, ನೀನು ಮಾತಾಡಿ ಕೆಡಿಸಬೇಡ, ನನಗೆ ಬಿಡು ಎಂದೆ. ಅವಳು ಬಿಟ್ಟಳು.

ನಾನು ಯಶವಂತಪುರದ ಒಂದು ಕಂಪನಿಯಲ್ಲಿ ಖರೀದಿ ವಿಭಾಗದಲ್ಲಿ ಕೆಲಸ ಮಾಡುವವನು. ಒಂದು ಪೊರಕೆ ಕೊಳ್ಳಬೇಕಾದರೂ ಮೂರು ಕೊಟೇಶನ್ ತರಿಸುವುದು ನಮ್ಮ ಪದ್ಧತಿ. ವಕೀಲರನ್ನೂ ಹಾಗೆಯೇ ಆರಿಸುವುದೆಂದು ಹೊರಟೆ. ಆರ್.ಟಿ. ನಗರದ ಮೊದಲನೆಯವರು ನನ್ನ ಕಥೆಯನ್ನು ಕಣ್ಣು ಮುಚ್ಚಿ ಕೇಳಿ, “ಸ್ಟೇ ತರೋಣ್ವಾ, ಡಿಕ್ಲರೇಶನ್ ಹಾಕೋಣ್ವಾ, ಇಂಜಂಕ್ಷನ್ ಕೇಳೋಣ್ವಾ?” ಎಂದರು. ಹೋಟೆಲಿನಲ್ಲಿ ಸೆಟ್ ದೋಸೆಯೋ ಖಾಲಿ ದೋಸೆಯೋ ಎಂದು ಕೇಳಿದಾಗ ಹೇಳುವಂತೆ, “ಯಾವುದು ಬಿಸಿ ಇದೆ?” ಎನ್ನುವುದು ಬಾಯಿಗೇ ಬಂದಿತ್ತು. ಯೋಚನೆ ಮಾಡಿ ಹೇಳುತ್ತೇನೆಂದು ಎದ್ದು ಬಂದೆ. ಹೆಬ್ಬಾಳದ ಎರಡನೆಯವರು, “ನಾವು ಬರೀ ಡೈವೋರ್ಸ್ ಮಾಡೋದು ಸಾರ್. ಮನೆಯವರ ಜೊತೆ ಹೇಗಿದ್ದೀರಾ?” ಎಂದು ಕೇಳಿದರು. ಚೆನ್ನಾಗಿದ್ದೇವೆ ಎಂದು ತಪ್ಪೊಪ್ಪಿಕೊಂಡೆ. ಅವರಿಗೂ ಬೇಸರವಾದಂತೆ ಕಂಡಿತು. ಮೂರನೆಯವರು ‘ಕೊಟೇಶನ್’ ಎಂಬ ಮಾತು ಕೇಳಿಯೇ ಬಾಗಿಲು ತೋರಿಸಿದರು. ಅಷ್ಟು ಹೊತ್ತಿಗೆ ನನಗೆ ನಮ್ಮದು ಯಾವ ಬಗೆಯ ಕೇಸು, ನಾವು ಕೇಳುತ್ತಿರುವುದು ಏನು, ಗೋಡೆ ಇರುವುದು ಯಾವ ದಿಕ್ಕಿಗೆ ಎಂಬುದೆಲ್ಲ ಕಲಸಿಹೋಗಿತ್ತು.

ಹೆಂಗಸರಿಗೆ ಸರ್ಕಾರದಿಂದಲೇ ಉಚಿತವಾಗಿ ವಕೀಲರು ಸಿಗುತ್ತಾರೆ ಎಂಬ ಸುದ್ದಿ ಹೊಲಿಗೆ ಕೋಣೆಯಿಂದಲೇ ಬಂತು. ನಾನು ನಂಬಲಿಲ್ಲ. ಖರೀದಿ ವಿಭಾಗದವನಿಗೆ ‘ಉಚಿತ’ ಎಂಬ ಪದ ಕಂಡರೆ ಕೈ ತಾನಾಗಿ ಜೇಬಿನ ಮೇಲೆ ಹೋಗುತ್ತದೆ. ಆದರೂ ವಿಚಾರಿಸಿದರೆ ನಷ್ಟವೇನು ಎಂದು ಒಂದು ದಿನ ರಜೆ ಹಾಕಿ, ಸಂಬಳದ ಚೀಟಿ, ಆಧಾರ್, ಪಾನ್, ಗೋಡೆಯ ಫೋಟೋ, ಸಾಲದ್ದಕ್ಕೆ ನನ್ನದೇ ನಾಲ್ಕು ಫೋಟೋ ಹಿಡಿದು ಕೋರ್ಟಿನ ಕಟ್ಟಡಕ್ಕೆ ಹೋದೆ. ಕೆಳಗಿನವರು ಮೇಲೆ ಎಂದರು, ಮೇಲಿನವರು ಹಿಂದೆ ಎಂದರು, ಹಿಂದೆ ಹೋದರೆ ಕ್ಯಾಂಟೀನು. ಕಾಫಿ ಕುಡಿದು ಮತ್ತೆ ಹುಡುಕಿದ ಮೇಲೆ ‘ಉಚಿತ ಕಾನೂನು ನೆರವು’ ಎಂಬ ಫಲಕ ಸಿಕ್ಕಿತು. ಒಳಗೆ ಚಿಕ್ಕ ವಯಸ್ಸಿನ ವಕೀಲೆಯೊಬ್ಬರು ಕೂತಿದ್ದರು. ನಾನು ಗಿರಿಜಾಳ ತಾಯಿಯ ಕಾಲದಿಂದ ಕಥೆ ಶುರು ಮಾಡಿದೆ. ಪಾಯದವರೆಗೂ ಬಂದಿರಲಿಲ್ಲ, ಆಕೆ ಪೆನ್ನು ಕೆಳಗಿಟ್ಟು, “ಪಾರ್ಟಿ ಯಾರು ಸಾರ್?” ಎಂದರು.

“ನಾನು ಯಾವ ಪಾರ್ಟಿಗೂ ಸೇರಿದವನಲ್ಲ ಮೇಡಂ. ಓಟು ಮಾತ್ರ ಹಾಕ್ತೀನಿ” ಎಂದೆ.

ಅವರು ನಕ್ಕರು. “ಅಯ್ಯೋ, ಆ ಪಾರ್ಟಿ ಅಲ್ಲ ಸಾರ್” ಎಂದು ಏನೋ ಹೇಳಹೊರಟವರನ್ನು ಪಕ್ಕದ ಕೋಣೆಯಿಂದ ಯಾರೋ ಕರೆದರು. ಎದ್ದು ಹೋಗುತ್ತಲೇ, “ಮೊದಲು ಪಾರ್ಟಿ, ಆಮೇಲೆ ಪೇಪರ್. ಪಾರ್ಟಿ ಇಲ್ದೆ ನಾನು ಒಂದಕ್ಷರ ಬರಿಯೋ ಹಾಗಿಲ್ಲ. ಸೋಮವಾರ ಆಗುತ್ತಾ?” ಎಂದರು. ನಾನು ಆಗುತ್ತೆ ಎಂದೆ. ನನಗೆ ಎಲ್ಲ ಅರ್ಥವಾಗಿತ್ತು. ಸರಕು ಒದಗಿಸುವವರು ನಮ್ಮ ಮ್ಯಾನೇಜರಿಗೆ ಕೊಡಿಸುವ ಪಾರ್ಟಿಗಳನ್ನು ಇಷ್ಟು ವರ್ಷ ದೂರದಿಂದ ನೋಡಿದವನಲ್ಲವೇ ನಾನು?

ಮನೆಗೆ ಬಂದು, “ನೋಡಿದ್ಯಾ, ಉಚಿತ ಅಂದ್ರೆ ಇಷ್ಟೇ. ಪಾರ್ಟಿ ಕೇಳ್ತಿದ್ದಾರೆ” ಎಂದೆ.

“ಯಾರು?”

“ಆ ವಕೀಲೆ. ನಮ್ಮ ಮಗಳ ವಯಸ್ಸು. ಬಾಯಿ ಬಿಟ್ಟೇ ಕೇಳಿದ್ರು.”

ಮಗಳ ವಯಸ್ಸಿನ ಹೆಣ್ಣುಮಗಳಿಗೆ ಎಂಥ ಪಾರ್ಟಿ ಕೊಡುವುದು ಎಂಬ ಪ್ರಶ್ನೆ ನನ್ನನ್ನು ಭಾನುವಾರವೆಲ್ಲ ಕಾಡಿತು. ನಮ್ಮ ಮ್ಯಾನೇಜರಿಗೆ ಕೊಡುವಂಥದ್ದನ್ನು ಇವರಿಗೆ ಕೊಡುವಂತಿಲ್ಲ. ದರ್ಶಿನಿಯಲ್ಲಿ ನಿಂತುಕೊಂಡು ಮಸಾಲೆ ದೋಸೆ ತಿನ್ನಿಸಿದರೆ ಕೇಸು ಸೋಲುವುದು ಖಂಡಿತ. ಕಡೆಗೆ ಯಲಹಂಕದಿಂದ ತುಪ್ಪದ ಮೈಸೂರು ಪಾಕಿನ ದೊಡ್ಡ ಪೆಟ್ಟಿಗೆಯೊಂದನ್ನು ಕಟ್ಟಿಸಿದೆ. ಪಾರ್ಟಿ ಕೇಳುವ ಹುಡುಗಿಯ ಮುಖ ಒಮ್ಮೆ ನೋಡಬೇಕೆಂದು ಗಿರಿಜಾಳೂ ಸೋಮವಾರ ಸ್ಕೂಟರ್ ಹತ್ತಿದಳು.

ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಾಗ ವಕೀಲೆ, “ಇದೇನು ಸಾರ್?” ಎಂದರು. “ಪಾರ್ಟಿ” ಎಂದೆ, ದನಿ ಆದಷ್ಟು ತಗ್ಗಿಸಿ. ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ನನ್ನ ಹಿಂದೆ ನಿಂತಿದ್ದವಳನ್ನು ಕಂಡು, “ಇವರೇನಾ? ಬನ್ನಿ ಅಮ್ಮಾ, ಮನೆ ನಿಮ್ಮ ಹೆಸರಲ್ಲೇ ಇದ್ಯಾ? ಹಾಗಾದ್ರೆ ಪಾರ್ಟಿ ನೀವೇ” ಎಂದು ಕುರ್ಚಿ ತೋರಿಸಿದರು. ಕೇಸು ಯಾರದ್ದೋ ಅವರನ್ನು ಕೋರ್ಟಿನಲ್ಲಿ ಪಾರ್ಟಿ ಎನ್ನುತ್ತಾರಂತೆ! ಪೆಟ್ಟಿಗೆಯನ್ನು ನನ್ನ ಮಡಿಲಿಗೇ ವಾಪಸು ಇಟ್ಟು, ನನ್ನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದರು. ಮಹಿಳೆಯಾದ್ದರಿಂದ ಅವಳ ಆದಾಯ ಎಷ್ಟೆಂದು ಕೂಡ ಕೇಳುವುದಿಲ್ಲವಂತೆ. ನನ್ನ ಸಂಬಳದ ಚೀಟಿಯಂತೂ ಯಾರಿಗೂ ಬೇಕಿರಲಿಲ್ಲ. ನಾನು ವಾರಗಟ್ಟಲೆ ಹೇಳಿ ಮುಗಿಸಲಾಗದ ವಿಷಯವನ್ನು ಗಿರಿಜಾ ನಾಲ್ಕು ಮಾತಿನಲ್ಲಿ ಹೇಳಿದ್ದು ಬಾಗಿಲ ಸಂದಿನಿಂದ ಕೇಳಿಸಿತು. ಬೇಸರಕ್ಕೆ ಎರಡು ತುಂಡು ಮೈಸೂರು ಪಾಕು ತಿಂದೆ. ಕೇಸು ಹಾಕುವ ಮೊದಲು ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸೋಣ ಎಂದು ವಕೀಲೆ ಮುನಿರಾಜು ಅವರಿಗೆ ನೋಟಿಸು ಕಳಿಸಿದರು. ಗೋಡೆ ಅಷ್ಟಕ್ಕೇ ನಿಂತಿತು.

ಹೇಳಿದ ದಿನ ಮುನಿರಾಜು ಬಿಳಿ ಅಂಗಿ ತೊಟ್ಟು ವಕೀಲೆಯ ಕೋಣೆಗೆ ಬಂದರು. ಮುಖ ಬಾಡಿತ್ತು. “ಏನಕ್ಕಾ, ಇಂಗ್ ಮಾಡ್ಬುಟ್ರಿ? ಕೋರ್ಟಿಂದ ಕಾಗ್ದ ಬಂದೈತೆ ಅಂತ ನಮ್ಮವ್ವ ಎಲ್ಡ್ ದಿನದಿಂದ ಊಟ ಬುಟ್ಟವ್ಳೆ” ಎಂದರು.

“ಮತ್ತೆ ನೀವು ಒಂದು ಮಾತೂ ಕೇಳ್ದೆ ಗೋಡೆ ಹಾಕ್ಬೋದಾ ಮುನಿರಾಜಣ್ಣ?” ಎಂದಳು ಗಿರಿಜಾ.

“ಕೇಳ್ದೆ ಆಕ್ತೀನಾ ಅಕ್ಕಾ? ನಾಯಿಗಳು ನುಗ್ತವೆ, ಸಂದಿಗೆ ಒಂದ್ ಗೋಡೆ ಎಬ್ಬಿಸ್ಲಾ ಅಂತ ಸಾರ್ ಹತ್ರ ಕೇಳಿದ್ನಲ್ಲಾ. ಆಗ್ಲಿ ಆಗ್ಲಿ, ಮಾಡಿ ಅಂದ್ರು. ಸಾರ್ ಏಳಿದ್ಮ್ಯಾಕೇ ಪಾಯ ತೆಗ್ಸಿದ್ದು.”

ಕೋಣೆಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನನಗೆ ಮೊದಲು ಏನೂ ಹೊಳೆಯಲಿಲ್ಲ. ಆಮೇಲೆ ಮಸುಕುಮಸುಕಾಗಿ ಹೊಳೆಯಿತು. ನಾನು ಆಫೀಸಿಗೆ ತಡವಾಗಿ ಸ್ಕೂಟರ್ ಒದೆಯುತ್ತಿದ್ದೆ, ತಲೆಯ ಮೇಲೆ ಹೆಲ್ಮೆಟ್ ಇತ್ತು, ಮುನಿರಾಜು ಏನೋ ಹೇಳುತ್ತಿದ್ದರು. ಆಗ್ಲಿ ಆಗ್ಲಿ ಎಂದಿರಬೇಕು. ನಾನು ಎಲ್ಲರಿಗೂ ಅನ್ನುತ್ತೇನೆ! ನಮ್ಮ ಬೆಂಗಳೂರಿನಲ್ಲಿ ಆಗ್ಲಿ ಎಂದರೆ ಒಪ್ಪಿಗೆ ಎಂದು ಯಾರು ಹೇಳಿದರು? ನನಗೆ ಹೊತ್ತಾಯಿತು, ದಾರಿ ಬಿಡಿ ಎಂದು ಅರ್ಥ. ಇದನ್ನು ವಕೀಲೆಗೆ ವಿವರಿಸಲು ನೋಡಿದೆ. ಅವರು, “ಇವರು ಒಪ್ಪಿದ್ರೆ ಲೆಕ್ಕಕ್ಕೆ ಬರಲ್ಲ, ಮನೆ ಇವರದ್ದಲ್ಲ” ಎಂದು ಮುನಿರಾಜು ಅವರಿಗೆ ತಿಳಿಸಿದರು. ನನಗೆ ಸಮಾಧಾನವಾಗಬೇಕೋ ಅವಮಾನವಾಗಬೇಕೋ ತಿಳಿಯಲಿಲ್ಲ.

“ಅಕ್ಕ ಬ್ಯಾಡ ಅಂದ್ರೆ ಇವತ್ತೇ ಕಿತ್ತಾಕ್ತೀನಿ” ಎಂದರು ಮುನಿರಾಜು. ಗಿರಿಜಾ, “ನಾಯಿ ಬರ್ದಂಗೆ ಒಂದು ಪುಟ್ಟ ಗೇಟ್ ಇಡ್ಸಿ ಅಣ್ಣ, ಬೀಗ ಮಾತ್ರ ಬೇಡ” ಎಂದಳು. ಅಷ್ಟೇ. ವಕೀಲೆ ಬರೆದರು, ಇಬ್ಬರೂ ಸಹಿ ಹಾಕಿದರು. ನಾನು ಪೆನ್ನು ತೆಗೆದೆ. “ನಿಮ್ಮದು ಬೇಡ ಸಾರ್” ಎಂದರು. ಹೊಲಿಗೆ ಕೋಣೆ ಉಳಿಯಿತು. ನನ್ನ ಕಣ್ಣು ಸ್ವಲ್ಪ ಒದ್ದೆಯಾದದ್ದು ನಿಜ, ಅದನ್ನು ನೋಡಲು ಮಾತ್ರ ಯಾರಿಗೂ ಪುರುಸೊತ್ತಿರಲಿಲ್ಲ.

ವರಾಂಡಕ್ಕೆ ಬಂದ ಮೇಲೆ ಗಿರಿಜಾ ನಿಂತಳು. ಮುನಿರಾಜು ಮೆಟ್ಟಿಲಿಳಿದು ಹೋಗುವವರೆಗೂ ಕಾದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, “ಇನ್ನೂ ಯಾರ್ಯಾರಿಗೆ, ಏನೇನಕ್ಕೆ ಆಗ್ಲಿ ಅಂದಿದ್ದೀರಾ? ಒಂದೊಂದಾಗಿ ಹೇಳಿ” ಎಂದಳು. ಕನ್ನಡಕ ಒಳಗೇ ಮರೆತೆ ಎಂದು ಹೇಳಿ ನಾನು ವಾಪಸು ಆ ಕೋಣೆಗೆ ನುಗ್ಗಿದೆ.

“ಮೇಡಂ, ಅರ್ಜೆಂಟಾಗಿ ನನಗೂ ಒಬ್ಬರು ವಕೀಲರು ಬೇಕಿತ್ತು.”

“ಎದುರು ಪಾರ್ಟಿ ಯಾರು ಸಾರ್?”

ನಾನು ವರಾಂಡದ ಕಡೆ ಕೈ ತೋರಿಸಿದೆ.

“ಛೆ, ಆಗಲ್ಲ ಸಾರ್,” ಎಂದರು ವಕೀಲೆ. “ಅವರ ಕಡೆಗೆ ಆಗ್ಲೇ ನಾನಿದ್ದೀನಲ್ಲ.”