ಹಗಲುಮನೆಯ ಸೂಪು ರುಬ್ಬುವ ಅಧಿಕಾರದ ಕುರಿತು

ಪುರಸಭೆ, ಫ್ರೈಶೆಡು ಪಟ್ಟಣ, ಉತ್ತರ ಪೋರ್ಚುಗಲ್
ಸಂಖ್ಯೆ: ಅಡಿಗೆ/ಯಂತ್ರ/ರುಬ್ಬು/14(ಬಿ)

ವಿಷಯ: ವೃದ್ಧರು ಹಗಲು ಹೊತ್ತು ಕಳೆದು ಉಣ್ಣುವ ಹಗಲುಮನೆಯ ಅಡಿಗೆಮನೆಗೆ ಬ್ಲೆಂಡರ್ ಬೇಕೋ, ಬಹುಕಾರ್ಯ ಯಂತ್ರ ಬೇಕೋ ಎಂಬ ಅನಗತ್ಯ ಚರ್ಚೆಯನ್ನು ಮುಕ್ತಾಯಗೊಳಿಸುವ ಬಗ್ಗೆ.

ಉಲ್ಲೇಖ: ಅಡಿಗೆಯವರಾದ ಶ್ರೀಮತಿ ದಿಯೋಲಿಂದಾ ಅವರ ಮನವಿ; ಮತ್ತೊಮ್ಮೆ ಅದೇ ಮನವಿ, ಏರುದನಿಯಲ್ಲಿ.

ಹಳೆಯ ಬ್ಲೆಂಡರ್ ಸುಟ್ಟುಹೋಗಿದ್ದರಿಂದ ಹೊಸದೊಂದನ್ನು ಕೋರಲಾಗಿತ್ತು. ಬರೀ ರುಬ್ಬಲು ಬರುವ ಯಂತ್ರವನ್ನು ಉದ್ಘಾಟಿಸುವುದು ಅಧ್ಯಕ್ಷರ ಘನತೆಗೆ ತಕ್ಕುದಲ್ಲವಾದ್ದರಿಂದ, ತೂಗುವ, ಕೊಚ್ಚುವ, ನಾದುವ, ಬೇಯಿಸುವ ಹಾಗೂ ಕೆಲಸ ಮುಗಿದಾಗ ಹಾಡುವ ಬಹುಕಾರ್ಯ ಯಂತ್ರವನ್ನು ಖರೀದಿಸಲಾಗಿದೆ. ಉದ್ಘಾಟನೆಯಂದು ಕಾಲ್ದು ವೆರ್ದೆ ಎಂಬ ಊರ ಸೂಪಿನ ಆಲೂಗಡ್ಡೆ, ಎಳೆಎಳೆಯಾಗಿ ಹೆಚ್ಚಿದ ಕೋಸಿನ ಸೊಪ್ಪು ಮತ್ತು ಸಾಸೇಜಿನ ಬಿಲ್ಲೆಗಳನ್ನು ಅಧ್ಯಕ್ಷರ ಅಮೃತಹಸ್ತದಿಂದ ಒಟ್ಟಿಗೇ ಸುರಿದು ರುಬ್ಬಲಾಯಿತು. ಆಲೂಗಡ್ಡೆಯನ್ನಷ್ಟೇ ರುಬ್ಬಿ, ಸೊಪ್ಪನ್ನು ಕೊನೆಗೆ ಹಾಕಬೇಕೆಂಬುದು ಊರಿನ ಅಜ್ಜಿಯರಿಗೆಲ್ಲ ಗೊತ್ತಿದ್ದರೂ ಅವರು ಅದನ್ನು ಲಿಖಿತವಾಗಿ ತಿಳಿಸಿರಲಿಲ್ಲ. "ಇದೇನ್ರೀ, ಬಾಗಿಲಿಗೆ ಬಳಿಯೋ ಹಸಿರು ಬಣ್ಣಾನಾ?" ಎಂದು ಫಲಾನುಭವಿಗಳು ಕೇಳಿದ್ದಾರೆ. ಆದ್ದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ.

1. ಬಹುಕಾರ್ಯ ಯಂತ್ರಕ್ಕೆ ರುಬ್ಬಲು ಬರುವುದರಿಂದ ಬ್ಲೆಂಡರ್ ಮಂಜೂರು ಮಾಡಲು ಬರುವುದಿಲ್ಲ.

2. ಸದರಿ ಹಸಿರು ಘಟನೆಯ ವಿಚಾರಣೆ ಮುಗಿಯುವವರೆಗೆ ಬಹುಕಾರ್ಯ ಯಂತ್ರದಲ್ಲಿ ರುಬ್ಬತಕ್ಕದ್ದಲ್ಲ. ತೂಗಬಹುದು. ಹಾಡಿಸಬಹುದು.

3. "ಸಕಲ ವಿದ್ಯೆ ಬರೋದು ನಂಗ್ಯಾಕ್ರಪ್ಪಾ? ಒಂದು ವಿದ್ಯೆ ನೆಟ್ಟಗೆ ಬರೋದು ಕೊಡಿ ಸಾಕು. ಹಸಿದ ಮುದುಕರ ಶಾಪ ತಟ್ಟುತ್ತೆ ನಿಮಗೆ!" ಎಂದು ಶ್ರೀಮತಿ ದಿಯೋಲಿಂದಾ ಅವರು ಯಂತ್ರದ ಎದುರಿನಲ್ಲೇ ಅಂದಿರುತ್ತಾರೆ. ಯಂತ್ರವು ಖಾತರಿ ಅವಧಿಯಲ್ಲಿರುವುದರಿಂದ ಅದರ ಮನಸ್ಸು ನೋಯುವಂತೆ ಯಾರೂ ಮಾತಾಡತಕ್ಕದ್ದಲ್ಲ.

4. ರುಬ್ಬದ ಸೂಪನ್ನು ಇನ್ನು ಮುಂದೆ 'ಸೂಪು, ಮೊದಲನೇ ಹಂತ' ಎಂದು ಕರೆಯತಕ್ಕದ್ದು. ಎರಡನೇ ಹಂತವನ್ನು ಫಲಾನುಭವಿಗಳು ತಮ್ಮ ಸ್ವಂತ ಹಲ್ಲುಗಳಿಂದ ಪೂರ್ಣಗೊಳಿಸತಕ್ಕದ್ದು. ಹಲ್ಲಿಲ್ಲದವರು ದಂತವೈದ್ಯರ ದೃಢೀಕರಣದೊಡನೆ ಬಾಯಿ ಸಮೇತ ಕಚೇರಿಗೆ ಹಾಜರಾಗತಕ್ಕದ್ದು.

5. ಹಲ್ಲಿಲ್ಲದ ಶ್ರೀ ಎವರಿಸ್ತು ಎಂಬುವರು ಹಾಜರಾಗಿ, "ಸ್ವಾಮೀ, ದಿನಕ್ಕೆ ನಂಗಿರೋದು ಅದೊಂದೇ ಬಿಸಿ ಊಟ. ಗೆಡ್ಡೆ ಗಂಟಲಲ್ಲಿ ಸಿಕ್ಕೊಳ್ಳುತ್ತೆ, ಏನ್ ಮಾಡ್ಲಿ?" ಎಂದು ವಿನಂತಿಸಿದ್ದಾರೆ. ಅವರು ಬಟ್ಟಲನ್ನು ಮುಟ್ಟದೆ ಹಿಂದಿರುಗಿಸುತ್ತಿರುವುದನ್ನು ಉಳಿತಾಯವೆಂದು ಪರಿಗಣಿಸಲಾಗಿದೆ.

6. ಶ್ರೀಮತಿ ದಿಯೋಲಿಂದಾ ಅವರು ತಮ್ಮ ಅತ್ತೆಯ ಕಾಲದ, ಕೈಯಲ್ಲಿ ತಿರುಗಿಸಿ ತರಕಾರಿ ಅರೆಯುವ ಸಾಧನವನ್ನು ಶಾಲಿನೊಳಗೆ ಬಚ್ಚಿಟ್ಟು ತಂದು ಬಳಸಿದ್ದು ಪತ್ತೆಯಾಗಿದೆ. ಅದಕ್ಕೆ ಪ್ಲಗ್ ಇಲ್ಲದಿರುವುದರಿಂದ ಅದು ಯಂತ್ರವಲ್ಲ. ಯಂತ್ರವಲ್ಲದ್ದರಿಂದ ರುಬ್ಬಲು ಅರ್ಹವಲ್ಲ. ಜಪ್ತಿ ಮಾಡಲಾಗಿದೆ. ಅದನ್ನು ಬಳಸಿದಂದು ಶ್ರೀ ಎವರಿಸ್ತು ಅವರು ಎರಡು ಬಟ್ಟಲು ಸೂಪು ಕುಡಿದು, "ದಿಯೋಲಿಂದಾ, ನಿಮ್ಮ ಹೊಟ್ಟೆ ತಣ್ಣಗಿರಲಿ ತಾಯೀ" ಎಂದು ಹರಸಿರುವರು. ಎರಡನೇ ಬಟ್ಟಲಿನ ಬಗ್ಗೆ ಅವರಿಂದ ಲಿಖಿತ ವಿವರಣೆ ಕೇಳಲಾಗಿದೆ.

ಸಹಿ/-
(ಓದಲಾಗದು)
ಉಪನಿರ್ದೇಶಕರು (ರುಬ್ಬುವಿಕೆ), ಪ್ರಭಾರ

ಪ್ರತಿಗಳು:
ಅಧ್ಯಕ್ಷರ ಆಪ್ತ ಶಾಖೆಗೆ, ಅಭಿನಂದನೆಗಳೊಂದಿಗೆ.
ಬಹುಕಾರ್ಯ ಯಂತ್ರಕ್ಕೆ, ಮಾಹಿತಿಗಾಗಿ.
ಶ್ರೀಮತಿ ದಿಯೋಲಿಂದಾ ಅವರಿಗೆ, ಎಚ್ಚರಿಕೆಗಾಗಿ.
ಶ್ರೀ ಎವರಿಸ್ತು ಅವರಿಗೆ, ಸೂಪಿನ ಬದಲಾಗಿ.