ಕೋಲ್ಡ್ ಸ್ಟೋರೇಜಿಗೊಂದು ಬ್ಯಾಕಪ್

ವಿಜಯಪುರದಲ್ಲಿ ಕಂಪ್ಯೂಟರ್ ಕೆಲಸ ಮಾಡುವವರಿಗೆ ಎದೆ ಗಟ್ಟಿ ಇರಬೇಕು. ಯಂತ್ರ ಕೊಡುವ ಶಾಕಿಗೆ ಅರ್ಥಿಂಗ್ ಉಂಟು, ಅದರ ಮಾಲೀಕರು ಕೊಡುವುದಕ್ಕೆ ಇಲ್ಲ. ಇಬ್ರಾಹಿಂಪುರದ ನನ್ನ ಸಣ್ಣ ಅಂಗಡಿಗೆ ವಾರಕ್ಕೊಬ್ಬರಾದರೂ ಬಂದು, ನಾನು ತೆರೆದ ಬಾಯಿ ಮುಚ್ಚದ ಹಾಗೆ ಮಾಡಿ ಹೋಗುತ್ತಾರೆ. ಆದರೆ ತಿಕೋಟಾ ಹತ್ತಿರದ ಒಬ್ಬ ಕೋಲ್ಡ್ ಸ್ಟೋರೇಜ್ ಸಾವ್ಕಾರರನ್ನು ಮೀರಿಸಿದವರು ಇನ್ನೂ ಸಿಕ್ಕಿಲ್ಲ.

ಸುತ್ತಲಿನ ರೈತರು ಒಣದ್ರಾಕ್ಷಿ ಪೆಟ್ಟಿಗೆಗಳನ್ನು ಅವರಲ್ಲಿ ಇಡುತ್ತಾರೆ. ಯಾರ ಪೆಟ್ಟಿಗೆ ಯಾವ ಕೋಣೆಯಲ್ಲಿದೆ ಎಂಬುದೆಲ್ಲ ಒಂದೇ ಸರ್ವರಿನಲ್ಲಿ. ಅದು ಕೆಟ್ಟರೆ ಒಬ್ಬರ ಮಾಲು ಇನ್ನೊಬ್ಬರ ಹೆಸರಿನಲ್ಲಿ ಹರಾಜಿಗೆ ಹೋಗಿ ಗೇಟಿನಲ್ಲೇ ಹೊಡೆದಾಟ. ಅದಕ್ಕೊಂದು ಒಳ್ಳೆಯ ಬ್ಯಾಕಪ್ ವಿಧಾನ ಆರಿಸಿಕೊಡಿ ಎಂದು ನನ್ನನ್ನು ಕರೆಸಿದರು.

೧. ಒಂದು ಡಬ್ಬಿ, ನಾಲ್ಕು ಸಂಸಾರ

"ಈ ಸರ್ವರಿನೊಳಗ ನಾಲ್ಕ ವರ್ಚುವಲ್ ಮಷೀನ್ ಅದಾವ್ರಿ" ಅಂದೆ. "ಬಿಲ್ಲಿಗೆ ಒಂದು, ಪೆಟ್ಟಿಗಿ ಲೆಕ್ಕಕ್ಕ ಒಂದು, ಕೋಣಿ ತಂಪು ನೋಡಾಕ ಒಂದು, ಕ್ಯಾಮೆರಾಕ್ಕ ಒಂದು."

ಸಾವ್ಕಾರರು ಹೌಹಾರಿದರು. ನಾನು ಬೇಡವೆನ್ನುವಷ್ಟರಲ್ಲಿ ಕೋಣೆಗಳನ್ನು ನೋಡಿಕೊಳ್ಳುವ ಮೇಸ್ತ್ರಿಯನ್ನು ಕರೆದು ಡಬ್ಬಿಯ ಮುಚ್ಚಳ ಬಿಚ್ಚಿಸಿ ಟಾರ್ಚ್ ಹಾಕಿದರು. "ಎಲ್ಲಿ ಅದಾವ್ರಿ ಮೇಡಮ್ಮಾರ? ಒಂದ ಐತಲ್ಲ!"

"ಕಣ್ಣಿಗೆ ಕಾಣೂದಿಲ್ರಿ. ಒಂದ ಮನ್ಯಾಗ ನಾಲ್ಕ ಮಂದಿ ಅಣ್ಣತಮ್ಮರು ಬ್ಯಾರೆ ಬ್ಯಾರೆ ಒಲಿ ಹೂಡಿದಂಗ."

ಅವರ ಮುಖ ಬಿಳಿಚಿತು. "ಯಪ್ಪಾ! ಹಂಗಾದ್ರ ಇದು ಇವತ್ತಲ್ಲ ನಾಳೆ ಕೆಡೂದ ಖರೆ. ನಾಲ್ಕ ಮಂದಿ ಅಣ್ಣತಮ್ಮರು ಒಂದ ಮನ್ಯಾಗ ಎಷ್ಟ ದಿನಾ ಇರ್ತಾರ? ಲಗೂ ಬ್ಯಾಕಪ್ ಮಾಡ್ರಿ!"

೨. ಏನೂ ಕೆಡದ ಜಾಗ

ಅದೇ ಸರ್ವರಿನಲ್ಲಿ ಇನ್ನೊಂದು ಪ್ರತಿ ಇಡುವುದು ಸುಲಭ, ಆದರೆ ಸರ್ವರ್ ಸುಟ್ಟರೆ ಪ್ರತಿಯೂ ಸುಡುತ್ತದೆ. ಹಾಗಾಗಿ ನಾಲ್ಕೂ ಮಷೀನುಗಳನ್ನು ಇಡಿಯಾಗಿ ಒಂದು ಹೊರಗಿನ ಡಿಸ್ಕಿಗೆ ತುಂಬಿ ಮೇಸ್ತ್ರಿಯ ಕೈಗೆ ಕೊಟ್ಟೆ. "ಬ್ಯಾರೆ ಕೋಣ್ಯಾಗ ಇಡ್ರಿ. ಕೆಡಬಾರ್ದು ನೋಡ್ರಿ" ಎಂದೂ ಹೇಳಿದೆ.

ಕೆಲವು ವಾರ ಬಿಟ್ಟು ಹೋಗಿ ಡಿಸ್ಕ್ ಕೇಳಿದೆ. ಮೇಸ್ತ್ರಿ ಹೊರಗಿನ ಸುಡುಬಿಸಿಲಿನಲ್ಲಿ ನಿಂತು ಸ್ವೆಟರ್ ಹಾಕಿಕೊಂಡ, ಕಿವಿ ಮುಚ್ಚುವಂತೆ ಟೋಪಿ ಎಳೆದುಕೊಂಡ, ದಪ್ಪ ಬಾಗಿಲು ತೆಗೆದು ಒಳಗೆ ಹೋದ. ನನಗೆ ಆಗಲೇ ಅನುಮಾನ. ಅವನು ಒಂದು ದ್ರಾಕ್ಷಿ ಪೆಟ್ಟಿಗೆ ಹೊತ್ತು ತಂದ. ಮೇಲೆ ಮಾಲಿನ ರೈತರ ಹೆಸರು ಬರೆಯುವ ಚೀಟಿಯಲ್ಲಿ ನನ್ನ ಹೆಸರು! ಒಳಗೆ ಒಣದ್ರಾಕ್ಷಿಯ ನಡುವೆ ಡಿಸ್ಕ್. ಹೊರಗಿನ ಗಾಳಿ ತಾಗಿದ್ದೇ ತಡ, ಅದರಿಂದ ನೀರು ತೊಟ್ಟಿಕ್ಕತೊಡಗಿತು.

"ಇದನ್ಯಾಕ್ರಿ ತಂಪಿನ್ಯಾಗ ಇಟ್ರಿ?"

"ಕೆಡಬಾರ್ದು ಅಂದ್ರಲ್ರಿ ಮೇಡಮ್ಮಾರ. ಇಲ್ಲಿ ಇಟ್ಟಿದ್ದು ಇವತ್ತಿನತನಾ ಒಂದೂ ಕೆಟ್ಟಿಲ್ರಿ."

ಡಿಸ್ಕ್ ಸತ್ತೇ ಹೋಗಿತ್ತು. ಜೊತೆಗಿದ್ದ ದ್ರಾಕ್ಷಿ ಮಾತ್ರ, ಸುಳ್ಳೇಕೆ ಹೇಳಲಿ, ಬಹಳ ರುಚಿಯಾಗಿತ್ತು.

೩. ಬಸವಣ್ಣನ ವಾರ

ಇನ್ನು ಮನುಷ್ಯರ ಕೈಗೇ ಕೊಡಬಾರದೆಂದು, ತಾನಾಗಿಯೇ ಪ್ರತಿಯಾಗುವ ವ್ಯವಸ್ಥೆ ಮಾಡಿದೆ. ಹೊಸ ಡಿಸ್ಕ್ ಸರ್ವರಿನ ಪಕ್ಕದಲ್ಲೇ. ಸೋಮವಾರ ಅಲ್ಲಿ ಗದ್ದಲ ಕಡಿಮೆ, ಅದಕ್ಕೇ ಸೋಮವಾರ ಗೊತ್ತು ಮಾಡಿದೆ. ತಿಂಗಳಾದ ಮೇಲೆ ನೋಡಿದರೆ ಒಂದು ಪ್ರತಿಯೂ ಆಗಿಲ್ಲ.

ಸಾವ್ಕಾರರನ್ನು ಕೇಳಿದೆ. ಪ್ರತಿ ಸೋಮವಾರ ಅವರೇ ಸ್ವತಃ ಸರ್ವರಿನ ಪ್ಲಗ್ ಕಿತ್ತು, ಅದಕ್ಕೆ ವಿಭೂತಿ ಹಚ್ಚಿ ಕೈ ಮುಗಿಯುತ್ತಿದ್ದರಂತೆ!

"ಸೋಮವಾರ ನಾವು ಎತ್ತಿನ ಹೆಗಲಿಗೆ ನೊಗಾ ಇಡೂದಿಲ್ರಿ. ಹಗಲು ರಾತ್ರಿ ದುಡಿಯೂ ಜೀವಕ್ಕ ಒಂದಿನಾ ಬಿಡುವು ಬ್ಯಾಡೇನ್ರಿ?"

ಎತ್ತಿಗೆ ಒಪ್ಪುವ ಮಾತಿಗೆ ಇಲ್ಲವೆನ್ನುವುದು ಹೇಗೆ? ಸರಿ, ಮಂಗಳವಾರ ಇಡುತ್ತೇನೆ ಅಂದೆ.

"ಮಂಗಳವಾರ ಮನ್ಯಾಗಿಂದ ಏನೂ ಹೊರಗ ಕೊಡಬಾರ್ದಲ್ರಿ! ಕಾಪಿ ಅಂದ್ರ ಹೊರಗ ಹೋದಂಗ ಅಲ್ಲೇನು?"

ಅವರು ಬುಧವಾರಕ್ಕೂ ಒಂದು ತಕರಾರು ನೆನಪಿಸಿಕೊಳ್ಳುವಷ್ಟರಲ್ಲಿ ಬುಧವಾರ ಗೊತ್ತು ಮಾಡಿ ಬ್ಯಾಗೆತ್ತಿಕೊಂಡು ಓಡಿದೆ.

೪. ಬಬಲೇಶ್ವರದ ಬೀಗರು

ಕಡೆಗೆ ನಾನೇ ಹಟ ಹಿಡಿದೆ: ಒಂದು ಪ್ರತಿ ಬೇರೆ ಊರಿನಲ್ಲಿರಲೇಬೇಕು. ಸಾವ್ಕಾರರು ತಕ್ಷಣ ಒಪ್ಪಿ, ಬಬಲೇಶ್ವರದಲ್ಲಿರುವ ತಮ್ಮ ಹಿರಿಯ ಮಗಳ ಅತ್ತೆ ಮನೆ ತೋರಿಸಿದರು. ಮೊದಲ ಪ್ರತಿ ಇಲ್ಲೇ ತುಂಬಿಸಿ ಅಲ್ಲೊಂದು ಬ್ಯಾಕಪ್ ಡಬ್ಬಿ ಇಟ್ಟು ಬಂದೆ. ಬುಧವಾರ ಬುಧವಾರ ಆ ವಾರ ಬದಲಾದದ್ದಷ್ಟೇ ನೆಟ್ ಮೇಲೆ ಹೋಗುತ್ತಿತ್ತು. ನಾನು ನೆಮ್ಮದಿಯಾಗಿದ್ದೆ.

ಒಂದು ಗುರುವಾರ ಬೆಳಗಿನ ಜಾವ ಸಿಡಿಲು ಬಡಿದು ಸರ್ವರ್ ಸುಟ್ಟುಹೋಯಿತು, ಪಕ್ಕದ ಡಿಸ್ಕೂ ಸುಟ್ಟುಹೋಯಿತು. ಮರುದಿನವೇ ಹರಾಜು. ಘೋಣಸಗಿಯ ರೈತರು ಗಾಡಿ ತಂದು ಗೇಟಿನಲ್ಲಿ ನಿಂತು, ನಮ್ಮ ಪೆಟ್ಟಿಗೆ ಎಲ್ಲಿ ಎಂದು ಕೂಗುತ್ತಿದ್ದಾರೆ. ಮೇಸ್ತ್ರಿಗೆ ಹೊಸ ಸರ್ವರ್ ತರಿಸಲು ಹೇಳಿ, ಸಾವ್ಕಾರರ ಜೊತೆ ಬಬಲೇಶ್ವರಕ್ಕೆ ಓಡಿದೆ. ಅಷ್ಟೆಲ್ಲ ನೆಟ್ ಮೇಲೆ ಎಳೆದರೆ ವಾರ ಹಿಡಿಯುತ್ತದೆ, ಡಬ್ಬಿಯನ್ನೇ ತರಬೇಕು.

ಡಬ್ಬಿ ಪಡಸಾಲೆಯ ನಡುವೆ ಕಸೂತಿ ಬಟ್ಟೆ ಹೊದ್ದು, ಕುಂಕುಮ ಇಟ್ಟುಕೊಂಡು ಕುಳಿತಿತ್ತು. ಬೀಗತಿ ಪಕ್ಕದ ಮನೆಯವರಿಗೆ ತೋರಿಸುತ್ತಿದ್ದರು: "ನಮ್ಮ ಬೀಗರು ಕೊಟ್ಟಾರ್ರಿ. ದೀಪಾನೂ ಹತ್ತತಾವು."

ಹೋಳಿಗೆ ಬಡಿಸಿದರು. ಸಾವ್ಕಾರರು ತಿಂದರು, ಮಳೆ ಬೆಳೆ ಮಾತಾಡಿದರು, ಮತ್ತೆ ತಿಂದರು. ಡಬ್ಬಿಯ ಮಾತೇ ಇಲ್ಲ. ಕೈ ತೊಳೆಯುವಾಗ ಅವರನ್ನು ಹಿಡಿದೆ.

"ಬಾಯಿ ಬಿಡಬ್ಯಾಡ್ರಿ ಮೇಡಮ್ಮಾರ!" ಎಂದು ಪಿಸುಗುಟ್ಟಿದರು. "ಮಗಳ ಮನಿಗೆ ಕೊಟ್ಟಿದ್ದನ್ನ ತಿರುಗಿ ಕೇಳೂದಂದ್ರೇನ್ರಿ?"

"ಅಲ್ಲಿ ರೈತರು ನಿಂತಾರ್ರಿ!"

"ರೈತರು ನಾಲ್ಕ ಬೈದು ಸುಮ್ಮನಾಗ್ತಾರ. ಬೀಗತಿ ಆಗೂದಿಲ್ರಿ."

ನನಗೆ ಅಳುವೇ ಬಂತು. ಅಷ್ಟರಲ್ಲಿ ಬೀಗತಿ ಬಂದು ನನ್ನನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ನಾಲ್ಕು ಮಷೀನು ಒಯ್ಯಲು ಬಂದವಳ ಮಡಿಲಲ್ಲಿ ಅಕ್ಕಿ, ಕೊಬ್ಬರಿ, ಒಂದು ಖಣ!

ಅಪ್ಪನ ಮುಖ ನೋಡಿ ಮಗಳಿಗೆ ಎಲ್ಲ ತಿಳಿಯಿತು. "ಅತ್ತೀ, ಅವ್ವ ನೆನಸಾಕತ್ಯಾಳಂತ. ಎರಡ ದಿನಾ ತವರಿಗೆ ಹೋಗಿ ಬರ್ತೇನಿ. ನಮ್ಮ ಡಬ್ಬಿನೂ ಒಯ್ತೇನಿ, ಮೇಡಮ್ಮಾರು ಧೂಳ ತಗದ ಕೊಡ್ತಾರ."

"ಹೋಗಿ ಬಾ ಯವ್ವಾ" ಅಂದರು ಬೀಗತಿ. ಡಬ್ಬಿ ಮಗಳ ತೊಡೆಯ ಮೇಲೆ ಕುಳಿತು ತಿಕೋಟಾಕ್ಕೆ ಬಂತು. ಸಂಜೆಯೊಳಗೆ ಹೊಸ ಸರ್ವರಿನಲ್ಲಿ ನಾಲ್ಕೂ ಮಷೀನು ಎದ್ದವು. ಘೋಣಸಗಿಯವರ ಪೆಟ್ಟಿಗೆಗಳು ಘೋಣಸಗಿಯವರ ಗಾಡಿಯನ್ನೇ ಏರಿದವು. ನನಗೆ ಹೋದ ಜೀವ ಬಂದಂತಾಯಿತು.

"ಸಾವ್ಕಾರ್ರ, ಒಂದ ಊರು ನಂಬಿದ್ರ ಆಗೂದಿಲ್ರಿ. ಇನ್ನೊಂದ ಊರಾಗೂ ಕಾಪಿ ಇರಬೇಕು" ಅಂದೆ.

ಅವರು ಹತ್ತಿರ ಬಂದು ಹೇಳಿದರು: "ಸಣ್ಣ ಮಗಳಿಗೆ ಮಮದಾಪುರದಿಂದ ಒಂದ ವರಾ ಬಂದೈತ್ರಿ. ಹುಡುಗ ಚಲೋ ಅದಾನ. ಹೂಂ ಅನ್ನೂಕಿಂತ ಮೊದ್ಲ ನೀವೊಮ್ಮೆ ಹೋಗಿ, ಅವರ ಮನ್ಯಾಗ ನೆಟ್ ಹೆಂಗೈತಿ ನೋಡಿ ಬರ್ರಿ."